ಅಳತೆಗೆ ಕೊರೆದ ಸೌತೆಕಾಯಿ

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ನಾನು ಅವಳ ರೋಗಿಗಳಿಗೆ ಕಟ್ಟುಹಲ್ಲು ಮಾಡಿಕೊಡುವವನು. ಇಂಥ ಮನೆಯ ಮಗುವಿಗೆ ಹಲ್ಲು ಬರುವುದೆಂದರೆ ಹೂವೆತ್ತಿದಷ್ಟು ಸಲೀಸು ಎಂದು ನೆಂಟರೆಲ್ಲ ತಿಳಿದಿದ್ದರು. ಮಗು ಮಾತ್ರ ಹಾಗೆ ತಿಳಿದಿರಲಿಲ್ಲ. ಜೊಲ್ಲು ಸುರಿಸುತ್ತ, ಮನೆಯ ಸೂರು ಹಾರಿಹೋಗುವಂತೆ ಅರಚುತ್ತಿತ್ತು.

ಕ್ಲಿನಿಕ್ಕು ಇರುವುದು ಮನೆಯ ಮುಂದಿನ ಕೋಣೆಯಲ್ಲಿ. ನಡುವೆ ಒಂದು ತೆಳು ಗೋಡೆ. ಕೆನ್ನೆ ಹಿಡಿದು ಕೂತವರಿಗೆ ಒಳಗಿನಿಂದ ಚೀರಾಟ ಕೇಳಿದರೆ ಏನನ್ನಿಸುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಓಡಿಹೋಗಿ, "ಅದು ನಮ್ಮ ಮಗು, ಹಲ್ಲು ಬರ್ತಿದೆ" ಎನ್ನುತ್ತಿದ್ದೆ. ಅವರು "ಹೌದೌದು" ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ನಿಜ ಹೇಳಿ ನಂಬಿಸಲಾರದಂಥ ಮುಖ ನನ್ನದು.

ಆ ದಿನ ಶಾಲೆಯ ಹೆಡ್‌ಮಿಸ್ಸು ದವಡೆಹಲ್ಲು ಕೀಳಿಸಿಕೊಳ್ಳಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಇಡೀ ಶಾಲೆಯ ಮಕ್ಕಳ ತಪಾಸಣೆ ನಮಗೆ. ಇಲ್ಲವಾದರೆ ಮುಂದಿನ ಬೀದಿಯ ಕ್ಲಿನಿಕ್ಕಿಗೆ.

"ಅವ್ರು ಹೋಗೋವರ್ಗೂ ಮಗು ಕಮಕ್ ಕಿಮಕ್ ಅನ್ನಬಾರ್ದು," ಎಂದಳು ಹೆಂಡತಿ. "ಬಾಳೆಹಣ್ಣು ಹಿಸುಕಿ ಫ್ರಿಜ್ಜಲ್ಲಿಟ್ಟಿದೀನಿ. ಮೊಸರಿದೆ. ಸೌತೆಕಾಯಿ ಉದ್ದಕ್ಕೆ ಕತ್ತರಿಸಿ ಕೈಗೆ ಕೊಡಿ, ಎದುರಿಗೇ ಕೂತಿರಿ. ಹಸಿ ಕ್ಯಾರೆಟ್ ಬೇಡ, ಗಂಟಲಿಗೆ ಸಿಕ್ಕೊಳತ್ತೆ. ಜೇನು ಬೇಡವೇ ಬೇಡ, ಇನ್ನೂ ವರ್ಷ ತುಂಬಿಲ್ಲ. ಮುಖ್ಯವಾಗಿ, ನಿಮ್ಮ ತಲೆ ಓಡಿಸ್ಬೇಡಿ."

ಕೊನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಪಾಲಿಸಿದೆ.

ಬಾಳೆಹಣ್ಣನ್ನು ಮಗು ನನ್ನ ಕನ್ನಡಕಕ್ಕೆ ಬಳಿಯಿತು, ಎರಡೂ ಗಾಜಿಗೆ ಸಮನಾಗಿ. ಮೊಸರನ್ನು ಕೊಂಚ ಹೊತ್ತು ಬಾಯಲ್ಲಿಟ್ಟುಕೊಂಡು, ಯೋಚಿಸಿ, ನನ್ನ ಅಂಗಿಯ ಮೇಲೆ ಉಗಿಯಿತು. ಉಳಿದದ್ದು ಸೌತೆಕಾಯಿ. ಆಗ ನನಗೆ ಹೊಳೆಯಿತು: ವಸಡು ಬಾಗಿದೆ, ಸೌತೆಕಾಯಿ ನೆಟ್ಟಗಿದೆ, ಮಗು ಅಳದೆ ಇನ್ನೇನು ಮಾಡೀತು? ಕಟ್ಟುಹಲ್ಲಿನ ಅಚ್ಚಿಗೆ ಮೇಣ ಕೊರೆಯುವ ಚಾಕು ತೊಳೆದು ತಂದು, ದಪ್ಪನೆಯ ಬಿಲ್ಲೆಯೊಂದನ್ನು ಮಗುವಿನ ವಸಡಿನ ಅಳತೆಗೆ ಲಾಳದಂತೆ ಕೊರೆದೆ. ಹಲ್ಲುಗಳ ಗೆರೆಯನ್ನೂ ಮೂಡಿಸಿದೆ. ಅರ್ಧಂಬರ್ಧ ಕೆಲಸ ನನಗಾಗದು.

"ಅಳಿಯಂದ್ರೇ, ಇದನ್ನ ಮಗೂಗೆ ಕೊಡ್ತೀರೋ, ಪ್ರದರ್ಶನಕ್ಕೆ ಇಡ್ತೀರೋ?" ಎಂದರು ಪಾತ್ರೆ ಒರೆಸುತ್ತಿದ್ದ ಅತ್ತೆ.

"ಅಳತೆ ಸರಿಯಾಗಿರ್ಬೇಕಲ್ಲ ಅತ್ತೆ."

"ನಿಜ. ಮಗಳಿಗೆ ಗಂಡು ನೋಡೋವಾಗ ನಾನೂ ಸ್ವಲ್ಪ ಅಳತೆ ನೋಡ್ಬೇಕಿತ್ತು."

ಮಗು ನನ್ನ ಕೈಚಳಕವನ್ನು ಒಮ್ಮೆ ನೋಡಿ ಬಾಗಿಲಾಚೆಗೆ ಎಸೆದು, ಕಿಟಾರನೆ ಕಿರುಚಿತು. ಮರುಕ್ಷಣವೇ ಅಡುಗೆಮನೆಯ ಬಾಗಿಲಲ್ಲಿ ಹೆಡ್‌ಮಿಸ್ಸು ನಿಂತಿದ್ದರು. ಬಗಲಲ್ಲಿ ಕೈಚೀಲ, ಎರಡು ಬೆರಳ ತುದಿಯಲ್ಲಿ ಹಸಿರು ದವಡೆ.

"ಇದು... ಯಾರದ್ದು?"

"ಮಗೂದು ಮೇಡಂ."

"ಕಿತ್ತಿದ್ದಾ?"

"ಕೊರೆದಿದ್ದು. ಸೌತೆಕಾಯಿ."

ಅವರು ದನಿ ತಗ್ಗಿಸಿದರು. "ಹಿಂಬಾಗಿಲು ಎಲ್ಲಿದೆ? ಮುಂದ್ಗಡೆ ಎಲ್ರೂ ಕೂತಿದಾರೆ."

ಶಾಲೆ ಕೈಬಿಟ್ಟುಹೋಯಿತು ಎಂದುಕೊಂಡೆ. ನನ್ನ ನಾಲಿಗೆ ಒಣಗಿತ್ತು. ಅತ್ತೆಯವರ ನಾಲಿಗೆಗೆ ಆ ತೊಂದರೆ ಎಂದೂ ಇಲ್ಲ. "ತೆಗೀತೀನಿ ಇರಿ. ಅಲ್ಲೀವರ್ಗೂ ಒಂಚೂರು ಎತ್ಕೊಳಿ" ಎಂದು ಮಗುವನ್ನು ಅವರ ಕೈಗೆ ದಾಟಿಸಿ, ಹಿಂಬಾಗಿಲಿಗೆ ಒರಗಿ ನಿಂತುಬಿಟ್ಟರು.

ಹೆಡ್‌ಮಿಸ್ಸು ಸುತ್ತ ನೋಡಿದರು. ನಾನು ಕೊರೆಯದೆ ಬಿಟ್ಟಿದ್ದ ಸೌತೆಕಾಯಿಯ ಉದ್ದ ತುಂಡನ್ನು ಮಗುವಿನ ಕೈಗಿಟ್ಟರು. ಮಗು ಕಚ್ಚಿತು. ಸದ್ದಡಗಿತು. ತುಂಡನ್ನು ಬಾಯಿಂದ ತೆಗೆದಾಗ ಅದರ ಮೇಲೊಂದು ಪುಟ್ಟ ಗೀರು.

"ಹಲ್ಲು!" ಎಂದರು ಹೆಡ್‌ಮಿಸ್ಸು, ನೋವೆಲ್ಲ ಮರೆತು.

"ನೋಡಿದ್ರಾ? ಗೇಣುದ್ದದ ಕೂಸು ಒಂದು ಹಲ್ಲು ಬರಿಸ್ಕೊಂಡ್ತು," ಎಂದರು ಅತ್ತೆ. "ನೀವು ಒಂದು ಬಿಟ್ಕೊಡೋಕೆ ಹಿಂಬಾಗಿಲು ಹುಡುಕ್ತಿದೀರಿ."

ಹೆಡ್‌ಮಿಸ್ಸಿನ ಮುಖ ಕೆಂಪೇರಿತು. ಮಗುವನ್ನು ನನಗೆ ಕೊಟ್ಟು, ಸೀರೆ ಸರಿಪಡಿಸಿಕೊಂಡು, ನೆಟ್ಟಗೆ ಕ್ಲಿನಿಕ್ಕಿಗೆ ನಡೆದರು.

ಮಗು ಭುಜದ ಮೇಲೆ ನಿದ್ದೆಹೋಯಿತು. ಅಂಥ ನಿಶ್ಶಬ್ದ ನಮ್ಮ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಅಷ್ಟರಲ್ಲಿ ಗೋಡೆಯಾಚೆಯಿಂದ, ನಮ್ಮ ಮಗುವೂ ನಾಚಬೇಕಾದಂಥ ಒಂದು ಕಿರುಚಾಟ.

ಹೆಂಡತಿ ಕ್ಲಿನಿಕ್ಕಿನ ಬಾಗಿಲಿನಿಂದ ತಲೆ ಹೊರಹಾಕಿದಳು. "ಹಲ್ಲು ಬಂತು. ಬೇಗ ಹೋಗಿ ಹೊರಗೆ ಕೂತವ್ರಿಗೆ ಹೇಳಿ."

"ಏನಂತ?"

"ಕಿರುಚಿದ್ದು ಮಗು ಅಂತ. ಹಾಗೆ ಹೇಳಿದ್ರೆ ಮಾತ್ರ ಶಾಲೆ ಮಕ್ಕಳನ್ನ ಇಲ್ಲಿಗೆ ಕಳಿಸ್ತಾರಂತೆ."

ಮಲಗಿದ್ದ ಮಗುವನ್ನು ಅತ್ತೆಗೆ ದಾಟಿಸಿ ನಾನು ಹೊರಗೆ ಹೋದೆ. ಕೂತಿದ್ದವರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಸುಳ್ಳು ಹೇಳಿ ರೂಢಿಯಿಲ್ಲ, ಕಿವಿ ಬಿಸಿಯಾಯಿತು.

"ನಮ್ಮ ಮಗು," ಎಂದೆ. "ಹಲ್ಲು ಬರ್ತಿದೆ."

"ಅಯ್ಯೋ ಪಾಪ!" ಎಂದರು ಕೆನ್ನೆಗೆ ಬಟ್ಟೆ ಕಟ್ಟಿಕೊಂಡಿದ್ದವರೊಬ್ಬರು. "ಸೌತೆಕಾಯಿ ಕೊಟ್ಟು ನೋಡಿ."

ಎಲ್ಲರೂ ಮತ್ತೆ ಕೂತರು.