ಮೂರನೆಯವರಿಗೆ ಬರೆದ ಇಮೇಲ್

ಸ್ನಾತಕೋತ್ತರ ಸೀಟಿನ ಸಂದರ್ಶನ ಮುಗಿಸಿ ಬಂದ ತಂಗಿ, ಅಕ್ಕನ ಹೊಲಿಗೆ ಅಂಗಡಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ಮೂವರು ಪ್ರೊಫೆಸರುಗಳಿಗೆ ಧನ್ಯವಾದ ಬರೆಯಬೇಕಿತ್ತು. ಇಬ್ಬರದು ಸಲೀಸಾಗಿ ಮುಗಿಯಿತು. ಮೂರನೆಯವರ ಮುಂದೆ ಮಾತ್ರ ಅವಳು ಗೊತ್ತಿಲ್ಲದಿದ್ದರೂ ಗತ್ತಿನಿಂದ, ಕುಡಿಯುವ ನೀರಿನ ಮಾದರಿಯನ್ನು ಎರಡು ದಿನ ಇಟ್ಟು ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷಿಸಿದರೂ ನಡೆಯುತ್ತದೆ ಎಂದುಬಿಟ್ಟಿದ್ದಳು. ಬಸ್ಸಿನಲ್ಲಿ ಪುಸ್ತಕ ತಿರುವಿದಾಗ ತಪ್ಪು ತಿಳಿಯಿತು.

"ಆ ತಪ್ಪನ್ನೂ ಬರೀತೀನಿ," ಎಂದು ಅಕ್ಕನಿಗೆ ಎಲ್ಲ ಹೇಳಿ ಅಂದಳು.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೀತೀಯಲ್ಲೇ. ಅವರು ಗಮನಿಸದೇ ಇದ್ರೆ? ಬರೋ ಸೀಟೂ ಹೋದೀತು."

"ತೋಳು ತಿರುವುಮುರುವು ಹೊಲಿದದ್ದು ಗೊತ್ತಾದ್ಮೇಲೆ ನೀನು ಇಸ್ತ್ರಿ ಹಾಕಿ ಕೊಟ್ಟುಬಿಡ್ತೀಯಾ?"

"ಬಿಚ್ಚಿ ಹೊಲೀತೀನಿ. ಆದ್ರೆ ಗಿರಾಕಿ ಮುಂದೆ ಕೂತು ಅಳಲ್ಲ."

ಆ ಮಾತು ತಂಗಿಗೆ ನಾಟಿತು. ಅಷ್ಟರಲ್ಲಿ ಕ್ಷಮೆ ಬೇಡಿ ಬರೆದಿದ್ದ ಆರು ಸಾಲು ಅಳಿಸಿ ಮೂರೇ ವಾಕ್ಯ ಬರೆದಳು: "ಎರಡು ದಿನ ಎಂದ ನನ್ನ ಉತ್ತರ ತಪ್ಪು. ಒಂದು ದಿನದೊಳಗೆ ಪರೀಕ್ಷಿಸಬೇಕು. ನೀವು ಕೇಳಿದ್ದರಿಂದ ಕಲಿತೆ, ಧನ್ಯವಾದ."

ಅಕ್ಕ ಕನ್ನಡಕ ಏರಿಸಿ ಓದಿದಳು. "ಸೀಟು ಸಿಗದಿದ್ರೆ?"

"ಮುಂದಿನ ವರ್ಷ ಇದೇ ಮೇಷ್ಟ್ರ ಮುಂದೆ ತಲೆ ಎತ್ತಿ ಕೂರ್ತೀನಿ," ಎಂದು ತಂಗಿ ಕಳಿಸುವ ಗುಂಡಿ ಒತ್ತಿದಳು.