ಗಿಡುಗ ಅದುರಿತೇ?

ಕಚೇರಿಯಲ್ಲಿ ಅವಳನ್ನು ತಕ್ಕಡಿ ಎಂದು ಕರೆಯುತ್ತಿದ್ದರು, ಮನೆಯಲ್ಲಿ ಪುಟ್ಟಿ ಎಂದು. ಯಾವ ಹೆಸರಿನಿಂದ ಕರೆದರೂ ಅವಳು ಓಗೊಡುತ್ತಿದ್ದಳು. ಅವಳ ಕಂಪನಿ ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟವೊಂದನ್ನು ನಡೆಸುತ್ತಿತ್ತು. ಎಲ್ಲೆಲ್ಲೋ ಕುಳಿತವರು ಆನ್‌ಲೈನಿನಲ್ಲಿ ಒಂದೇ ಆಕಾಶಕ್ಕೆ ಬಂದು, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ಹೊಡೆದುರುಳಿಸುತ್ತಿದ್ದರು. ಯಾವ ವಿಮಾನ ಎಷ್ಟು ಬೇಗ ಮೇಲೇರಬೇಕು, ಎಷ್ಟು ಬಿಗಿಯಾಗಿ ತಿರುಗಬೇಕು, ಎಲ್ಲಿ ಹಿಡಿತ ತಪ್ಪಬೇಕು ಎಂಬ ಅಂಕಿಗಳನ್ನು ಹಾಕುವುದು ಅವಳ ಕೆಲಸ. ವಿಮಾನ ನಿಜವಾದದ್ದರ ಹಾಗೆಯೇ ಹಾರಬೇಕು. ಹಾಗಂತ ಒಂದೇ ವಿಮಾನ ಎಲ್ಲರನ್ನೂ ಸೋಲಿಸುತ್ತ ಹೋದರೆ ಆಡುವವರು ಎದ್ದು ಹೋಗುತ್ತಾರೆ. ತಕ್ಕಡಿ ಎಂಬ ಹೆಸರು ಬಂದದ್ದು ಅದಕ್ಕೇ.

ಆ ವರ್ಷ ಅವಳ ನಿದ್ದೆ ಕೆಡಿಸಿದ್ದು ಗಿಡುಗ ಎಂಬ ಒಂಟಿ ಎಂಜಿನ್ನಿನ ಹಳೆಯ ವಿಮಾನ. ಅದನ್ನು ಹತ್ತಿದವರು ಮೂರು ಕಾಳಗಗಳಲ್ಲಿ ಎರಡನ್ನು ಗೆಲ್ಲುತ್ತಿದ್ದರು. ಸೋತವರು ಅವಳಿಗೆ ಬಾಯಿಗೆ ಬಂದಂತೆ ಬರೆಯುತ್ತಿದ್ದರು. ಅದು ವಿಮಾನವಲ್ಲ, ಮಂತ್ರದ ಚಾಪೆ ಎಂದು ಒಬ್ಬ ಬರೆದಿದ್ದ.

ಅವಳು ಅಂಕಿಗಳನ್ನು ಮತ್ತೆ ಮತ್ತೆ ನೋಡಿದಳು. ಆ ವಿಮಾನ ತಯಾರಿಸಿದವರು ಅಂದು ಮಾಡಿದ ಪರೀಕ್ಷೆಗಳ ಫಲಿತಾಂಶಗಳಿಗೂ ಅವಳ ಅಂಕಿಗಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸರ್, ಇದು ನಿಜವಾಗ್ಲೂ ಹೀಗೇ ತಿರುಗ್ತಿತ್ತು," ಎಂದಳು ತಂಡದ ಮುಖ್ಯಸ್ಥರಿಗೆ.

"ತಿರುಗ್ತಿತ್ತು, ನಾನೆಲ್ಲಿ ಇಲ್ಲ ಅಂದೆ," ಎಂದರು ಅವರು. "ಆದ್ರೆ ಆಗ ಹತ್ತು ಗಿಡುಗ ಇದ್ರೆ ಅದ್ರಲ್ಲಿ ಆರು ರಿಪೇರಿಗೆ ನಿಂತಿರೋವು. ಇಲ್ಲಿ ಯಾವ ವಿಮಾನಾನೂ ಕೆಡಲ್ಲ, ಯಾರಿಗೂ ಪೆಟ್ರೋಲ್ ಖಾಲಿಯಾಗೋ ಭಯ ಇಲ್ಲ, ಸತ್ತವನು ಟೀ ಕುಡ್ಕೊಂಡು ವಾಪಸ್ ಬರ್ತಾನೆ. ಇದ್ರಲ್ಲಿ ಎಲ್ಲಿಯ ನಿಜ? ಸ್ವಲ್ಪ ಇಳಿಸು."

ಸುಳ್ಳು ಅಂಕಿ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಆಗ ನೆನಪಾದವರು ಮಾವ.

ಮಾವ ಎಂದರೆ ಅವಳ ತಾಯಿಯ ಅಣ್ಣ. ಅವಳಿದ್ದ ಕಟ್ಟಡದಲ್ಲೇ ಎರಡು ಮಹಡಿ ಮೇಲೆ ಅತ್ತೆಯ ಜೊತೆ ಇದ್ದರು. ಹರೆಯದಲ್ಲಿ ವಾಯುಪಡೆಯಲ್ಲಿದ್ದು ಗಿಡುಗವನ್ನೇ ಹಾರಿಸಿದವರು. ಊಟದ ಮೇಜಿನಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಅವರ ಎರಡು ಅಂಗೈಗಳು ಎರಡು ವಿಮಾನಗಳಾಗಿ ಒಂದರ ಹಿಂದೊಂದು ಓಡುತ್ತಿದ್ದವು. ಅತ್ತೆ ನೀರಿನ ಲೋಟಗಳನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವಳು ಕಚೇರಿಯ ಸ್ಟಿಕ್ಕು, ಪೆಡಲು, ದೊಡ್ಡ ಪರದೆ ಎಲ್ಲವನ್ನೂ ಮೇಲಕ್ಕೆ ಹೊತ್ತೊಯ್ದು ಮಾವನ ಮುಂದಿನ ಕೋಣೆಯಲ್ಲಿ ಜೋಡಿಸಿದಳು. ಮಾವ ಕನ್ನಡಕ ಬದಲಿಸಿ ಕುಳಿತರು. ರನ್‌ವೇ ಬಿಟ್ಟು ಮೇಲೆದ್ದು, ಒಂದೆರಡು ಬಾರಿ ಬಿಗಿಯಾಗಿ ತಿರುಗಿಸಿ, ಮೂಗು ಮುರಿದರು.

"ಏನೇ ಇದು, ಕಾಗದದ ವಿಮಾನ ಇದ್ದ ಹಾಗಿದೆ. ಇಷ್ಟು ಎಳೆದ್ರೆ ನಮ್ಮದು ಅದುರ್ತಿತ್ತು. ಸ್ಟಿಕ್ಕಲ್ಲೇ ಗೊತ್ತಾಗೋದು. ಇನ್ನೂ ಎಳೆದ್ರೆ ಎಡಗಡೆ ರೆಕ್ಕೆ ಟಪ್ ಅಂತ ಕೆಳಗೆ ವಾಲೋದು."

"ಪರೀಕ್ಷೆ ಫಲಿತಾಂಶದಲ್ಲಿ ಅದೆಲ್ಲ ಇಲ್ಲ ಮಾವ."

"ಪರೀಕ್ಷೆ ಮಾಡಿದವ್ರು ಹೊಸ ವಿಮಾನ ಹಾರಿಸಿದ್ರು. ನಮಗೆ ಸಿಕ್ಕಿದ್ದು ಹತ್ತು ಜನ ಸವಾರಿ ಮಾಡಿ ಬಿಟ್ಟದ್ದು."

ಪುಟ್ಟಿಗೆ ಖುಷಿಯಾಯಿತು. ಮುಖ್ಯಸ್ಥರು ಕೇಳಿದ್ದೂ ಮಾವ ಹೇಳಿದ್ದೂ ಒಂದೇ ಆಗಿತ್ತು. ಆ ವಾರವೇ ಅವಳು ಗಿಡುಗದ ಅಂಕಿ ಬದಲಿಸಿದಳು. ಬಿಗಿಯಾಗಿ ಎಳೆದರೆ ಬೇಗ ಅದುರಬೇಕು, ಎಡ ರೆಕ್ಕೆ ಬೀಳಬೇಕು. ಹೊಸ ಆವೃತ್ತಿ ಹೊರಟಿತು. ಗಿಡುಗದ ತಿರುವನ್ನು ಹೆಚ್ಚು ನೈಜಗೊಳಿಸಲಾಗಿದೆ ಎಂದು ಕಂಪನಿ ಎಲ್ಲರಿಗೂ ತಿಳಿಸಿತು.

ಮರುದಿನದಿಂದ ಗಲಾಟೆ. ಗಿಡುಗವನ್ನು ಕೊಂದುಬಿಟ್ಟಿರಿ ಎಂದು ಅರ್ಧ ಜನ. ಕೊನೆಗೂ ಬುದ್ಧಿ ಬಂತಲ್ಲ ಎಂದು ಉಳಿದರ್ಧ. ತಿರುಗಿಸಲು ಹೋದರೆ ರೆಕ್ಕೆ ಹೇಗೆ ಬೀಳುತ್ತದೆ ಎಂದು ಒಬ್ಬ ಉದ್ದಕ್ಕೆ ವಿವರಿಸಿ ಬರೆದ. ಎರಡು ವಾರದಲ್ಲಿ ಗಿಡುಗದ ಗೆಲುವು ಸರಿಯಾಗಿ ಎರಡು ಕಾಳಗಕ್ಕೊಂದು ಎಂಬಲ್ಲಿಗೆ ಬಂದು ನಿಂತಿತು. ಮುಖ್ಯಸ್ಥರು ಅವಳ ಮೇಜಿನ ಬಳಿ ಬಂದು, "ತಕ್ಕಡಿ ಅಂದ್ರೆ ತಕ್ಕಡಿ," ಎಂದು ಹೇಳಿ ಹೋದರು. ಅವರು ಯಾರನ್ನಾದರೂ ಹೊಗಳಿದ್ದನ್ನು ಯಾರೂ ಕಂಡಿರಲಿಲ್ಲ.

ಮನೆಯಲ್ಲೇ ಬಿಟ್ಟಿದ್ದ ಸ್ಟಿಕ್ಕಿನಲ್ಲಿ ಮಾವ ಹೊಸ ಆವೃತ್ತಿಯನ್ನು ಹಾರಿಸಿದರು. ಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದು ಎಡಕ್ಕೆ ಎಳೆದರು. ಆಮೇಲೆ, "ಈಗ ಸರಿಹೋಯ್ತು," ಎಂದರು. "ಇದೇ ನೋಡು ನಮ್ಮ ವಿಮಾನ. ಅದುರೋದು ಕೈಗೆ ಬರ್ತಿದೆ." ಅಂದು ಅವರು ಊಟಕ್ಕೆ ಏಳಲಿಲ್ಲ. ಅತ್ತೆ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟರು.

ಈ ಸಂತೋಷವನ್ನು ಒಬ್ಬರೇ ಇಟ್ಟುಕೊಳ್ಳಲಾಗದೆ ಮಾವ ತಮ್ಮ ಹಳೆಯ ಜೊತೆಗಾರನನ್ನು ಕರೆಸಿದರು. ಅವರಿಗೆ ಪಡೆಯಲ್ಲಿ ಗೂಬೆ ಎಂದು ಹೆಸರು. ಕತ್ತಲಲ್ಲಿ ಚೆನ್ನಾಗಿ ಹಾರಿಸುತ್ತಿದ್ದರು ಎಂದು ಮಾವ ಹೇಳುತ್ತಿದ್ದರು. ಮುಖ ನೋಡಿದರೆ ಬೇರೆ ಕಾರಣವೂ ಇದ್ದೀತು ಎಂದು ಪುಟ್ಟಿಗೆ ಅನ್ನಿಸಿತು. ಇಬ್ಬರೂ ಎಷ್ಟೋ ವರ್ಷ ಒಂದೇ ಜೋಡಿಯಾಗಿ ಗಿಡುಗ ಹಾರಿಸಿದ್ದರು.

ಗೂಬೆ ಕುಳಿತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಬೆನ್ನು ಹಿಂದಕ್ಕೆ ಚಾಚಿದರು. "ಚೆನ್ನಾಗಿ ಮಾಡಿದ್ದೀಯಮ್ಮ. ಬೆಣ್ಣೆ ಹಾಗೆ ತಿರುಗುತ್ತೆ. ಒಂದು ಚೂರೂ ಅದುರಲ್ಲ. ನಮ್ಮದು ಹೀಗೇ ಇತ್ತು."

"ಏನೋ ಹೇಳ್ತಿದ್ದೀಯ? ಈಗ ತಾನೇ ಅದುರ್ತಲ್ಲ," ಎಂದರು ಮಾವ.

"ಎಲ್ಲಿ ಅದುರ್ತು?"

"ಎಡಕ್ಕೆ ಎಳೆದಾಗ. ಬಿಡು, ನಿನಗೆ ಆಗ್ಲೂ ಗೊತ್ತಾಗ್ತಿರ್ಲಿಲ್ಲ."

"ಗಿಡುಗ ಯಾವತ್ತೂ ಅದುರಿದ್ದಿಲ್ಲ ಕಣೋ. ಅದುರ್ತಿದ್ದದ್ದು ಅದಕ್ಕೆ ಮುಂಚೆ ನಾವು ಕಲಿತ್ವಲ್ಲ, ಆ ತರಬೇತಿ ವಿಮಾನ. ನೀನು ಎರಡನ್ನೂ ಕಲಸಿಬಿಟ್ಟಿದ್ದೀಯ."

ಮಾವನ ಪಿತ್ತ ನೆತ್ತಿಗೇರಿತು. ಪುಟ್ಟಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಸರದಿಯ ಮೇಲೆ ಹಾರಿಸಿದರು. "ಈಗ ಅದುರ್ತು, ನೋಡಿದ್ಯಾ?" ಎಂದು ಒಬ್ಬರು. "ಏನೂ ಇಲ್ಲ, ನೋಡಿದ್ಯಾ?" ಎಂದು ಇನ್ನೊಬ್ಬರು. ಅವಳು ಪರದೆಗೆ ಕಣ್ಣು ನೆಟ್ಟು ಕುಳಿತಳು. ಮೊದಲ ಸಲ ಅದುರಿದಂತೆ ಕಂಡಿತು. ಎರಡನೇ ಸಲ ಕಾಣಲಿಲ್ಲ. ಮೂರನೇ ಸಲ ತಾನು ಏನು ನೋಡುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಅದುರಿಕೆಯ ಅಂಕಿ ಹಾಕಿದವಳು ತಾನೇ, ತನಗೇ ಗೊತ್ತಾಗದಿದ್ದರೆ ಹೇಗೆ?

ಸೋಮವಾರ ಕಚೇರಿಗೆ ಹೋದವಳೇ ಆಟದ ಒಳಗನ್ನು ಬಿಚ್ಚಿ ನೋಡಿದಳು. ಹೊಸ ಆವೃತ್ತಿಯಲ್ಲಿ ಅವಳ ಬದಲಾವಣೆ ಸೇರಿಯೇ ಇರಲಿಲ್ಲ. ಫೈಲ್ ಬೇರೆ ಜಾಗಕ್ಕೆ ಹೋಗಿ ಕುಳಿತಿತ್ತು. ಆಟ ಇಷ್ಟು ದಿನವೂ ಹಳೆಯ ಅಂಕಿಗಳನ್ನೇ ಓದುತ್ತಿತ್ತು. ಗಿಡುಗ ಮೊದಲು ಹೇಗಿತ್ತೋ ಹಾಗೆಯೇ ಇತ್ತು.

ಹಾಗಾದರೆ ಗೆಲುವು ಇಳಿದದ್ದು ಹೇಗೆ? ದಿನವಿಡೀ ಕೆದಕಿದ ಮೇಲೆ ಅರೆಬರೆ ಉತ್ತರವೊಂದು ಸಿಕ್ಕಿತು. ಚೆನ್ನಾಗಿ ಆಡುವವರು ವಿಮಾನ ಕೆಟ್ಟಿತು ಎಂದು ನಂಬಿ ಅದನ್ನು ಬಿಟ್ಟುಹೋಗಿದ್ದರು. ಉಳಿದವರು ರೆಕ್ಕೆ ಬೀಳುತ್ತದೆ ಎಂದು ಹೆದರಿ ಬಿಗಿಯಾಗಿ ತಿರುಗಿಸುವುದನ್ನೇ ನಿಲ್ಲಿಸಿದ್ದರು. ಆದರೆ ರೆಕ್ಕೆ ಬೀಳುವುದನ್ನು ಅಷ್ಟು ಉದ್ದಕ್ಕೆ ವಿವರಿಸಿದವನು ಏನನ್ನು ಕಂಡ?

ಮುಖ್ಯಸ್ಥರು ಎಲ್ಲ ಕೇಳಿ, ಬಾಗಿಲು ಮುಚ್ಚಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸರ್."

"ಹೇಳ್ಬೇಡ. ಎಲ್ಲಾ ಸರಿಯಾಗಿದೆ. ಸರಿಯಾಗಿರೋದನ್ನ ಯಾಕೆ ಮುಟ್ಟೋದು?"

"ಏನೂ ಸರಿ ಮಾಡಿಲ್ವಲ್ಲ ಸರ್ ನಾವು."

"ಅದೇ ಮತ್ತೆ. ಖರ್ಚಿಲ್ಲದೆ ಸರಿಯಾಗಿದೆ."

ಅವಳು ಎರಡು ದಿನ ಸುಮ್ಮನಿದ್ದಳು. ಜನ ಇನ್ನೂ ಬರೆಯುತ್ತಲೇ ಇದ್ದರು. ಅವಳ ಅದುರಿಕೆಯನ್ನು ಹೊಗಳಿದವರಿಗೆ ಧನ್ಯವಾದ ಹೇಳಲು ಹೋದರೆ ಬೆರಳು ಓಡುತ್ತಿರಲಿಲ್ಲ. ಮೂರನೆಯ ದಿನ ಮತ್ತೆ ಮುಖ್ಯಸ್ಥರ ಎದುರು ನಿಂತು, ಇದು ತನ್ನಿಂದ ಆಗುವುದಿಲ್ಲ, ನಿಜ ಹೇಳಿಬಿಡುತ್ತೇನೆ ಎಂದಳು. ಅವರು ಕಿಟಕಿಯಾಚೆಯ ಬಸ್‌ಸ್ಟಾಪಿನಲ್ಲಿ ನಿಂತವರನ್ನು ನೋಡಿದರು. "ಹೇಳು. ಆಮೇಲೆ ನನ್ನ ಹತ್ರ ಅಳ್ತಾ ಬರ್ಬೇಡ," ಎಂದರು.

ಊರಿಗೆಲ್ಲ ಹೇಳುವ ಮೊದಲು ಮಾವನಿಗೆ ಹೇಳಬೇಕಿತ್ತು. ಸಂಜೆ ಮೇಲೆ ಹೋದಾಗ ಅತ್ತೆ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದರು. ಮಾವ ಎದುರಿಗಿದ್ದರು. ಪುಟ್ಟಿ ಸುತ್ತಿಬಳಸದೆ ಹೇಳಿದಳು. ಮಾವ ಎರಡು ಸಲ ಕೇಳಿಸಿಕೊಂಡರು.

"ಅಂದ್ರೆ ನಾನು ಮೊದಲ ದಿನ ಹಾರಿಸಿದ್ದೂ ಆಮೇಲೆ ಹಾರಿಸಿದ್ದೂ ಒಂದೇ?"

"ಒಂದೇ ಮಾವ."

"ಮತ್ತೆ ನನಗೆ ಅದುರಿದ್ದು ಎಲ್ಲಿಂದ ಬಂತು?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ತಲೆ ಎತ್ತದೆಯೇ ಹೇಳಿದರು.

"ನಿಮ್ಮ ಬಲಗೈ ಅದುರುತ್ತೆ ರೀ. ಏನಾದ್ರೂ ಗಟ್ಟಿಯಾಗಿ ಹಿಡಿದ್ರೆ ಅದುರುತ್ತೆ. ನಾನು ನೋಡ್ತಾನೇ ಇದ್ದೀನಿ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಮಾವ ಬಲಗೈ ಮುಂದೆ ಚಾಚಿದರು. ಅದು ಮೇಜಿನ ಮೇಲೆ ಅಲುಗಾಡದೆ ನಿಂತಿತು. ಮುಷ್ಟಿ ಹಿಡಿದರು. ಹೆಬ್ಬೆರಳು ಮೆಲ್ಲಗೆ ಕುಣಿಯತೊಡಗಿತು. ಬಿಟ್ಟರು, ಮತ್ತೆ ಹಿಡಿದರು. ಪಕ್ಕದ ಮನೆಯ ಕೈ ತಮ್ಮ ತೋಳಿಗೆ ಬಂದು ಅಂಟಿಕೊಂಡಿದೆಯೇನೋ ಎಂಬಂತೆ ಅದನ್ನು ನೋಡಿದರು.

"ಮೊದಲ ದಿನ ಯಾಕೆ ಅದುರಲಿಲ್ಲ ಹಾಗಾದ್ರೆ?" ಎಂದರು.

"ಮೊದಲ ದಿನ ಮೆತ್ತಗೆ ಹಿಡಿದಿದ್ರೇನೋ," ಎಂದಳು ಪುಟ್ಟಿ. ಅದು ಅವಳ ಊಹೆ ಮಾತ್ರ.

"ಆಗ ಹಾರಿಸ್ತಿದ್ನಲ್ಲ, ಆಗ್ಲೂ..." ಎಂದು ಶುರು ಮಾಡಿದ ಮಾತನ್ನು ಅವರು ಮುಗಿಸಲಿಲ್ಲ.

ಮರುದಿನ ಅವಳೇ ಅವರನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕೈ ಮಡಿಸಿ ನೋಡಿ, ಕಾರಿಡಾರಿನಲ್ಲಿ ನಡೆಸಿ ನೋಡಿ, ಹಾಳೆಯ ಮೇಲೆ ಸುರುಳಿ ಬರೆಸಿದರು. "ವಯಸ್ಸಿನದೂ ಇರಬಹುದು, ಬೇರೆ ಯಾವುದಾದ್ರೂ ಕಾಯಿಲೆ ಶುರುವಾಗ್ತಿರಲೂಬಹುದು. ಇಷ್ಟು ಬೇಗ ಹೇಳೋಕಾಗಲ್ಲ," ಎಂದರು.

"ಅಂದ್ರೆ ನಿಮಗೂ ಗೊತ್ತಿಲ್ಲ," ಎಂದರು ಮಾವ.

"ಸದ್ಯಕ್ಕೆ ಗೊತ್ತಿಲ್ಲ."

ಮಾವನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಮೆಟ್ಟಿಲಿಳಿಯುವಾಗ, "ಪರವಾಗಿಲ್ಲ ಕಣೇ, ಗೊತ್ತಿಲ್ಲ ಅಂತ ಹೇಳಿದ್ಲಲ್ಲ," ಎಂದರು.

ಅವಳು ನಿಜವನ್ನು ಪ್ರಕಟಿಸಿದಳು. ಗಿಡುಗದಲ್ಲಿ ಏನೂ ಬದಲಾಗಿಲ್ಲ, ತಪ್ಪು ನಮ್ಮದು ಎಂದು ನಾಲ್ಕು ಸಾಲು ಬರೆದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಆದರೆ ಜನ ನಂಬಲೇ ಇಲ್ಲ. ದೂರು ಹೆಚ್ಚಾದದ್ದಕ್ಕೆ ಬದಲಾವಣೆಯನ್ನು ಗುಟ್ಟಾಗಿ ಹಿಂದೆ ತೆಗೆದುಕೊಂಡು, ಈಗ ಮಾಡಿಯೇ ಇಲ್ಲ ಎನ್ನುತ್ತಿದ್ದಾರೆ ಎಂದರು ಹಲವರು. ರೆಕ್ಕೆ ಬಿದ್ದದ್ದನ್ನು ವಿವರಿಸಿದ್ದವನು, ನನ್ನ ಕಣ್ಣನ್ನು ನಂಬಲೋ ನಿಮ್ಮ ಮಾತನ್ನು ನಂಬಲೋ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಗಿಡುಗದ ಗೆಲುವು ಸ್ವಲ್ಪ ಮೇಲೇರಿತು, ಮೊದಲಿನಷ್ಟಲ್ಲ. ಯಾಕೆ ಅಷ್ಟೇ ಏರಿತು ಎಂಬುದೂ ತಿಳಿಯಲಿಲ್ಲ. ಮುಖ್ಯಸ್ಥರು ಅದುರಿಕೆಯನ್ನು ಈಗ ನಿಜವಾಗಿಯೇ ಹಾಕೋಣ, ಅರ್ಧದಷ್ಟು ಎಂದರು. ಯಾವುದರ ಅರ್ಧ ಎಂದು ಅವಳು ಕೇಳಿದಳು. ಅವರೂ ಯೋಚಿಸಿ, "ನೋಡೋಣ ತಡಿ," ಎಂದರು.

ಗೂಬೆಗೆ ಸುದ್ದಿ ತಲುಪಿ ಅವರು ಮುಂದಿನ ಭಾನುವಾರ ಬಂದರು. ಗೆದ್ದವರ ಹಾಗೆ ಬಾಗಿಲು ದಾಟಿದವರು ಮಾವನ ಮುಖ ಕಂಡು ದನಿ ಇಳಿಸಿದರು.

"ಯೋಚ್ನೆ ಮಾಡಿದೆ ಕಣೋ. ಒಂದ್ಸಲ ಅದುರಿದ್ದು ನನಗೂ ನೆನಪಿದೆ," ಎಂದರು.

"ಸುಳ್ಳು ಹೇಳ್ಬೇಡ."

"ಸುಳ್ಳಲ್ಲ. ಅಥವಾ ನೀನು ಅಷ್ಟು ಸಲ ಹೇಳಿದ್ದಕ್ಕೆ ನೆನಪಾಯ್ತೋ ಏನೋ, ಗೊತ್ತಿಲ್ಲ."

ಮಾವ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು. ಪುಟ್ಟಿ ಸ್ಟಿಕ್ಕನ್ನು ಬಿಚ್ಚಿ ಕೆಳಗೆ ಒಯ್ಯಲು ಬಂದಿದ್ದಳು. ಅವರು ಅದರ ಮೇಲೆ ಕೈಯಿಟ್ಟು ತಡೆದರು.

"ಇರ್ಲಿ ಬಿಡು. ನನಗೆ ಆಗಿನ ಶತ್ರುಗಳ, ಆ ಕಡೆಯವರ ವಿಮಾನ ಕೊಡು. ಎರಡು ಎಂಜಿನ್ನಿಂದು ಇತ್ತಲ್ಲ, ಅದು."

"ಅದನ್ನ ನೀವು ಯಾವತ್ತೂ ಹಾರಿಸಿಲ್ವಲ್ಲ ಮಾವ."

"ಅದಕ್ಕೇ. ಅದು ಹೇಗಿತ್ತು ಅಂತ ನನಗೆ ಏನೇನೂ ಗೊತ್ತಿಲ್ಲ. ಯಾರ ಹತ್ರಾನೂ ವಾದ ಮಾಡ್ಬೇಕಾಗಿಲ್ಲ."

ಅವಳು ಕೊಟ್ಟಳು. ಮಾವ ಎಡಗೈಯನ್ನೂ ಸ್ಟಿಕ್ಕಿನ ಮೇಲಿಟ್ಟುಕೊಂಡು ಮೆಲ್ಲಗೆ ಮೇಲೆದ್ದರು. ರನ್‌ವೇ ಹಿಂದಾಯಿತು, ಹೊಲಗಳು ಕಂಡವು. ಕೆಂಪು ದೀಪವೊಂದು ಹತ್ತಿಕೊಂಡು ಪೀಪೀ ಎನ್ನತೊಡಗಿತು.

"ಇದ್ಯಾಕೆ ಬಡ್ಕೊಳ್ತಿದೆ?" ಎಂದರು ಮಾವ.

"ಚಕ್ರ ಮೇಲೆ ತಗೊಂಡಿಲ್ಲ ನೀನು," ಎಂದರು ಗೂಬೆ.

"ಎಲ್ಲಿದೆ ಅದರ ಹಿಡಿಕೆ?"

"ನನ್ನ ಕೇಳ್ತೀಯಲ್ಲ, ನಾನೇನು ಆ ಕಡೆಯವನಾ?"

ಇಬ್ಬರೂ ಪುಟ್ಟಿಯ ಕಡೆ ತಿರುಗಿದರು. ಆ ವಿಮಾನದ ಪ್ರತಿ ಅಂಕಿಯನ್ನೂ ಹಾಕಿದವಳು ಅವಳೇ. ಚಕ್ರ ಎಳೆದುಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದಳು. ಹಿಡಿಕೆ ಎಲ್ಲಿದೆ ಎಂದು ಅವಳು ಯಾವತ್ತೂ ನೋಡಿರಲಿಲ್ಲ.

"ಎಡಗಡೆ ಇರಬೇಕು," ಎಂದು ಅವಳು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಗ್ಗಿದಳು. ಮೂವರೂ ತಲೆಗೆ ತಲೆ ತಾಗಿಸಿಕೊಂಡು ಹುಡುಕತೊಡಗಿದರು. ವಿಮಾನ ತನ್ನ ಪಾಡಿಗೆ ಮೇಲೇರುತ್ತಿತ್ತು.