ಇಗರ್ಜಿಯ ಎರಡು ಕುರ್ಚಿ

ಜುಲೈ ಹಿಡಿದಿತ್ತು. ಮಧ್ಯಾಹ್ನ ಹನ್ನೆರಡೂವರೆ, ಬಿಸಿಲಿಗೆ ಹೆದರಿ ಹೊರಗಿನ ಕೆಲಸ ನಿಲ್ಲಿಸುವ ಹೊತ್ತು. ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಜಯಪಾಲ ಪಿಕಪ್ಪಿನ ಅಡಿಯಿಂದ ಬೆನ್ನ ಮೇಲೆಯೇ ಜಾರಿಕೊಂಡು ಹೊರಗೆ ಬರುವಷ್ಟರಲ್ಲಿ ಫೋನು ಎರಡನೇ ಸಲ ಬಡಿದುಕೊಳ್ಳುತ್ತಿತ್ತು. ಇಂಗ್ಲೆಂಡಿನಿಂದ ಮಗಳು ದೀಕ್ಷಿತಾ. ಅಲ್ಲಿ ಆಗ ಬೆಳಿಗ್ಗೆ. ಆ ಹೊತ್ತಿಗೆ ಅವಳು ಎದ್ದಿರುವುದೇ ಅಪರೂಪ.

"ಪಪ್ಪಾ, ಮೇಲ್ ಬಂತು. ಥರ್ಡ್ ಟಿಕೆಟ್ ಇಲ್ಲವಂತೆ."

ಜಯಪಾಲ ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಅವಳಿಗೆ ಪದವಿ ಕೊಡುವುದು ಆ ಊರಿನ ಕೆಥೆಡ್ರಲಿನಲ್ಲಿ. ಒಂಬೈನೂರು ವರ್ಷದ ಇಗರ್ಜಿ, ಹಿಂದೆ ದೊರೆಗಳು ಮೊಣಕಾಲೂರಿದ ಜಾಗ ಎಂದು ಅವಳೇ ಹೇಳಿದ್ದಳು. ಕಂಬಗಳ ನಡುವೆ ಹಾಕುವ ಕುರ್ಚಿಗಳಿಗೆ ಮಿತಿ ಉಂಟು. ಒಬ್ಬೊಬ್ಬರ ಕಡೆಯಿಂದ ಇಬ್ಬರು ಬರಬಹುದು. ಮೂರನೆಯದು ಸಿಕ್ಕರೂ ಸಿಗಬಹುದು ಎಂಬ ಆಸೆಯಲ್ಲಿ ಜಯಪಾಲ, ಅವನ ಹೆಂಡತಿ ವಾರಿಜಾ, ಅವಳ ಅಣ್ಣ ರುಕ್ಮಯ, ಮೂವರೂ ವೀಸಾ ಮಾಡಿಸಿ ಇಟ್ಟುಕೊಂಡಿದ್ದರು.

"ಮೂರನೆಯವರು ಬಂದರೆ ಎಂತ ಮಾಡ್ತಾರೆ?"

"ಔಟ್‌ಸೈಡ್ ನಿಲ್ಲಬೇಕು ಪಪ್ಪಾ. ಲಾನ್ ಉಂಟು."

"ಮಾಮನಿಗೆ ಹೇಳಿದೆಯಾ?"

"ನೀವೇ ಹೇಳಿ, ಪ್ಲೀಸ್. ಯಾರು ಬರ್ಬೇಕು ಅಂತ ನಾನು ಚೂಸ್ ಮಾಡುದಿಲ್ಲ."

ಫೋನು ಇಟ್ಟ ಮೇಲೆ ಜಯಪಾಲ ನೆರಳಿಗೆ ಹೋಗಿ ಕೂತ. ಅಲ್ಲಿ ಶಿರ್ವದ ನಾರ್ಬರ್ಟ್ ಬುತ್ತಿ ಬಿಚ್ಚಿದ್ದ. ಗಾಡಿಗಳಿಗೆ ಪೇಂಟು ಹೊಡೆಯುವವನು. ತಲೆಗೂದಲಲ್ಲಿ ಯಾವುದಾದರೊಂದು ಬಣ್ಣ ಇಲ್ಲದ ದಿನ ಇಲ್ಲ. ಇಗರ್ಜಿಯ ಸಂಗತಿ ಎಂದರೆ ಅವನನ್ನೇ ಕೇಳಬೇಕು.

"ಒಳಗೆ ಹೋಗುವಾಗ ಚಪ್ಪಲಿ ಎಲ್ಲಿ ಬಿಡುವುದು?" ಎಂದು ಜಯಪಾಲ ಕೇಳಿದ.

"ಬಿಡುವುದೆಂತ? ಬರಿಗಾಲಲ್ಲಿ ಹೋದರೆ ನಿನಗೆ ಅಲ್ಲಿ ಸೂಪು ಕೊಟ್ಟು ಕಳಿಸಿಯಾರು, ಬಡವ ಅಂತ." ನಾರ್ಬರ್ಟ್ ನಕ್ಕ. "ಬೂಟು ಹಾಕಿಕೊಂಡೇ ಹೋಗು ಮಾರಾಯ. ಆದರೆ ನೆಲ ನೋಡಿ ನಡಿ. ಅಂಥ ಹಳೆಯ ಇಗರ್ಜಿಗಳಲ್ಲಿ ನೆಲದ ಕಲ್ಲಿನ ಅಡಿಯಲ್ಲಿ ಬಿಷಪರು, ದೊರೆಗಳು ಮಲಗಿರ್ತಾರೆ. ಕಲ್ಲಿನ ಮೇಲೆ ಹೆಸರು ಇರ್ತದೆ. ಅದರ ಮೇಲೇ ಕುರ್ಚಿ ಹಾಕ್ತಾರೆ."

"ಹೂತ ಜಾಗದ ಮೇಲೆಯಾ?"

"ಮತ್ತೆ? ಎಷ್ಟೋ ವರ್ಷದಿಂದ ಮಲಗಿದ್ದಾರೆ. ಒಬ್ಬನೂ ಎದ್ದು ಜಾಗ ಕೇಳಲಿಲ್ಲ."

ಜಯಪಾಲನಿಗೆ ಆ ಮಾತು ವಿಚಿತ್ರವಾಗಿ ಕಂಡಿತು. ಆದರೆ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಕುರ್ಚಿ ಎರಡು. ಒಂದು ಹೆತ್ತವಳದ್ದು, ಅದರಲ್ಲಿ ಮಾತಿಲ್ಲ. ಇನ್ನೊಂದು?

ಅವರ ಕಡೆಯ ಕಟ್ಟಲೆ ಕೇಳಿದರೆ ಉತ್ತರ ಸಲೀಸು. ಅಳಿಯಸಂತಾನದ ಮನೆಯಲ್ಲಿ ಮಕ್ಕಳು ತಾಯಿಯ ಕುಟುಂಬದವರು. ಹೆಸರಿಡುವುದರಿಂದ ಹಿಡಿದು ಮದುವೆಯ ಚಪ್ಪರದ ತನಕ ಮೊದಲ ಮಣೆ ಸೋದರಮಾವನದ್ದು; ಅಪ್ಪ ಎಷ್ಟೆಂದರೂ ಬೇರೆ ಬಳಿಯವನು, ಬೇರೆ ಕುಟುಂಬದವನು. ಕಟ್ಟಲೆ ಬಿಟ್ಟು ಋಣ ಕೇಳಿದರೂ ಉತ್ತರ ಅದೇ. ಜಯಪಾಲನನ್ನು ಗಲ್ಫಿಗೆ ಕರೆಸಿದ್ದು ರುಕ್ಮಯ. ಜಯಪಾಲ ದುಬೈಯಲ್ಲಿ ಕಂಪನಿಯ ಕ್ಯಾಂಪಿನ ಮಂಚದಲ್ಲಿ ಮಲಗುತ್ತಿದ್ದ ಅಷ್ಟೂ ವರ್ಷ ವಾರಿಜಾ ಮತ್ತು ಮಗು ಅಬುಧಾಬಿಯ ಖಾಲಿದಿಯಾದಲ್ಲಿ ರುಕ್ಮಯನ ಮನೆಯಲ್ಲಿದ್ದರು. ಹೆಂಡತಿ ತೀರಿಹೋಗಿದ್ದ, ಮಕ್ಕಳಿಲ್ಲದ ರುಕ್ಮಯನ ಹೆಗಲ ಮೇಲೆ ಕೂತೇ ಆ ಮಗು ಕಾರ್ನಿಷ್‌ನ ಸಮುದ್ರ ನೋಡಿದ್ದು.

ಶಾಲೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ಜಯಪಾಲ ಕೆಲಸದಿಂದ ನೇರ ಬಸ್ಸು ಹತ್ತಿ ಹೋಗಿದ್ದ. ತಲಪುವಾಗ ತಡವಾಗಿತ್ತು. ಗ್ರೀಸಿನ ಪ್ಯಾಂಟಿನಲ್ಲಿ ಬಾಗಿಲ ಬಳಿ ನಿಂತ. ಮುಂದೆ ವಾರಿಜಾ, ಅವಳ ಪಕ್ಕದ ಕುರ್ಚಿಯಲ್ಲಿ ರುಕ್ಮಯನ ಅಗಲ ಬೆನ್ನು. ನವಿಲಿನ ವೇಷದ ದೀಕ್ಷಿತಾ ಕುಣಿದು ಮುಗಿಸಿ ಅತ್ತ ಕೈ ಬೀಸಿದಳು. ಅಪ್ಪ ಬಂದಿದ್ದು ಅವಳಿಗೆ ಗೊತ್ತಾದದ್ದು ಊಟದ ಹೊತ್ತಿಗೆ. ಯಾರದೂ ತಪ್ಪಲ್ಲ. ಆದರೆ ಆ ಬೆನ್ನು ಜಯಪಾಲನ ಕಣ್ಣಿನಿಂದ ಹೋಗಲಿಲ್ಲ.

ಸಂಜೆ ಕುಸೈಸ್‌ನ ತಮ್ಮ ಈಗಿನ ಮನೆಗೆ ಹೋಗಿ ಸುದ್ದಿ ಹೇಳಿದಾಗ ವಾರಿಜಾ ಮೀನು ಕೊಯ್ಯುತ್ತಿದ್ದಳು. ಕೈ ನಿಂತಿತು.

"ಅಣ್ಣನಿಗೆ ಹೇಗೆ ಹೇಳುವುದು? ಅವನು ಹೋದ ತಿಂಗಳೇ ನೈಫಿನ ದರ್ಜಿಗೆ ಕೋಟು ಹೊಲಿಯಲು ಕೊಟ್ಟಾಗಿದೆ."

"ಕೋಟು?" ಎಂದ ಜಯಪಾಲ. "ಎರಡೇ ಕುರ್ಚಿಯಾದರೂ ಒಂದು ತನ್ನದೇ ಅಂತ ಲೆಕ್ಕ ಹಾಕಿ ಆಗಿದೆ, ಅಲ್ವಾ?"

"ನಿಮಗೆ ಎಂತ ಮಾತಾಡುವುದು ಅಂತ ಗೊತ್ತಾಗುದಿಲ್ಲ."

"ನನಗೆ ಯಾವತ್ತು ಗೊತ್ತಾದದ್ದು?"

ಅವಳು ಮತ್ತೆ ಮೀನಿಗೆ ಕತ್ತಿ ಹಾಕಿದಳು. ಜಯಪಾಲ ಸ್ನಾನ ಮಾಡಿ ಬಂದು ಕಪಾಟು ತಡಕಿದ. "ನನ್ನ ನೀಲಿ ಚೌಕುಳಿ ಅಂಗಿ ಎಲ್ಲಿ?"

"ಅದು ಯಾವಾಗಿಂದಲೋ ಇಲ್ಲ. ಬಾಲ್ಕನಿಯಿಂದ ಹಾರಿರಬೇಕು."

ನಂತರದ ದಿನಗಳಲ್ಲಿ ಉಪ್ಪು, ನೀರು, ಬೀಗದ ಕೈ, ಇಷ್ಟೇ ಮಾತು. ರುಕ್ಮಯನಿಗೆ ಫೋನು ಮಾಡಬೇಕಾದವರು ಯಾರೆಂದು ಇಬ್ಬರೂ ಒಬ್ಬರನ್ನೊಬ್ಬರು ಕಾದರು. ಕೊನೆಗೆ ವಾರಿಜಾಳೇ ಮಾಡಿದಳು. "ಹೌದಾ, ಭಾನುವಾರ ಊಟಕ್ಕೆ ಬನ್ನಿ, ಮಾತಾಡುವಾ" ಎಂದು ಅವನು ಇಟ್ಟುಬಿಟ್ಟನಂತೆ.

ಶನಿವಾರ ಊರಿನಿಂದ ಸುದ್ದಿ ಬಂತು. ಕುಟುಂಬದ ಹಿರಿಯಳು ಅಪ್ಪಿ ದೊಡ್ಡಮ್ಮ ತೀರಿಕೊಂಡಿದ್ದಳು. ತೊಂಬತ್ತು ದಾಟಿದ ಜೀವ. ಅಳುವವರಿಗಿಂತ ನೆನಪು ಹೇಳುವವರೇ ಹೆಚ್ಚು. ಆದರೂ ಸಾವು ಸಾವೇ. ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕ ರುಕ್ಮಯನಿಗೆ, ವಾರಿಜಾಳಿಗೆ, ದೀಕ್ಷಿತಾಳಿಗೂ ಸೂತಕ. ಜಯಪಾಲನಿಗಿಲ್ಲ. ಪದವಿಯ ದಿನ ಬೊಜ್ಜಕ್ಕಿಂತ ಮುಂಚೆಯೇ ಬೀಳುತ್ತಿತ್ತು.

ಖಾಲಿದಿಯಾದ ಮನೆಯಲ್ಲಿ ಭಾನುವಾರ ಮೀನಿರಲಿಲ್ಲ. ಗಂಜಿ, ಚಟ್ನಿ. ರುಕ್ಮಯ ಎತ್ತರದ ಆಳು, ಕೂತರೂ ಎದುರಿನವರು ಕತ್ತೆತ್ತಬೇಕು. ಸೂತಕವೆಂದು ಗಡ್ಡ ಬೋಳಿಸಿರಲಿಲ್ಲ. ಗೋಡೆಯ ಮೇಲೆ ನವಿಲಿನ ವೇಷದ ದೀಕ್ಷಿತಾಳ ಪಟ. ಜಯಪಾಲ ಅದಕ್ಕೆ ಬೆನ್ನು ಹಾಕಿ ಕೂತ.

ಊಟ ಅರ್ಧವಾದಾಗ ರುಕ್ಮಯ ಹೇಳಿದ, "ನನಗೆ ಹೋಗುವುದಕ್ಕಾಗುವುದಿಲ್ಲ. ಸೂತಕ. ನೀವಿಬ್ಬರು ಹೋಗಿ ಬನ್ನಿ."

ವಾರಿಜಾ ಚಮಚ ಕೆಳಗಿಟ್ಟಳು. "ಸೂತಕ ನನಗೂ ಇಲ್ವಾ ಅಣ್ಣ? ಅವಳಿಗೂ ಇಲ್ವಾ?"

"ನೀನು ಹೆತ್ತವಳು. ಅವಳು ಸಮುದ್ರ ದಾಟಿದವಳು, ಅವಳನ್ನು ಯಾರು ಕೇಳ್ತಾರೆ?"

"ನೀನೇನು ಸಮುದ್ರ ದಾಟದೆ ಇಲ್ಲಿಗೆ ನಡೆದುಕೊಂಡು ಬಂದೆಯಾ?"

ರುಕ್ಮಯ ನಗಲಿಲ್ಲ. "ನಾನು ಕುಟುಂಬದ ಯಜಮಾನ. ನಾನೇ ಕಟ್ಟಲೆ ಮುರಿದರೆ ನಾಳೆ ಹುಡುಗರಿಗೆ ಎಂತ ಹೇಳುವುದು? ಸೂತಕ ಇಟ್ಟುಕೊಂಡು ದೇವರ ಮನೆಯ ಹೊಸ್ತಿಲು ದಾಟುವುದಾ?"

"ಅದು ನಮ್ಮ ದೇವಸ್ಥಾನ ಅಲ್ಲ, ಇಗರ್ಜಿ."

"ಯಾರದ್ದಾದರೂ ದೇವರ ಮನೆ ದೇವರ ಮನೆಯೇ. ಅತ್ತೂರಿನ ಇಗರ್ಜಿಗೆ ಮೊಂಬತ್ತಿ ಹರಕೆ ಹೊತ್ತವಳು ನಮ್ಮ ಅಮ್ಮ. ಸೂತಕದಲ್ಲಿ ಹೋಗಿದ್ದಳಾ?" ರುಕ್ಮಯ ಮೆಲ್ಲ ತಲೆ ತಿರುಗಿಸಿದ. "ಜಯಪಾಲ, ನೀನು ಹೇಳು. ನಿನ್ನ ನಾರ್ಬರ್ಟ್ ಎಂತ ಹೇಳ್ತಾನೆ? ಅದು ಬರೀ ಸಭೆ ಮಾಡುವ ಕಟ್ಟಡವಾ, ದೇವರು ಇರುವ ಜಾಗವಾ?"

ಇಬ್ಬರೂ ಅವನನ್ನೇ ನೋಡಿದರು. ನಾರ್ಬರ್ಟ್ ಹೇಳಿದ್ದು ಜಯಪಾಲನ ನಾಲಗೆಯ ತುದಿಯಲ್ಲೇ ಇತ್ತು. ಅದರ ನೆಲದ ತುಂಬ ಸತ್ತವರು ಮಲಗಿದ್ದಾರೆ ಭಾವ, ಕುರ್ಚಿ ಹಾಕುವುದೇ ಅವರ ಮೇಲೆ, ಅಲ್ಲಿಗೆ ನಿಮ್ಮ ಸೂತಕ ಯಾವ ಲೆಕ್ಕ? ಇಷ್ಟು ಹೇಳಿದರೆ ರುಕ್ಮಯನ ಕಟ್ಟಲೆಗೆ ನಿಲ್ಲಲು ಕಾಲಿರಲಿಲ್ಲ. ಇಷ್ಟು ಹೇಳಿದರೆ ಎರಡನೆಯ ಕುರ್ಚಿಯಲ್ಲಿ ಮತ್ತೆ ಅದೇ ಅಗಲ ಬೆನ್ನು.

"ದೇವರ ಮನೆಯೇ" ಎಂದ ಜಯಪಾಲ. "ದಿನಾ ಪೂಜೆ ಉಂಟಂತೆ."

"ಕೇಳಿದೆಯಲ್ಲ?" ರುಕ್ಮಯ ತಂಗಿಗೆ ಹೇಳಿದ. "ಖಲಾಸ್. ಗಂಜಿ ಕುಡಿ."

ವಾರಿಜಾ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು.

ಹೊರಡುವಾಗ ಲಿಫ್ಟಿನ ತನಕ ಬಂದ ರುಕ್ಮಯ ಜಯಪಾಲನ ತೋಳು ಹಿಡಿದ. "ಆ ಕೋಟು ನೈಫಿನಲ್ಲಿ ಮುಹಿಯುದ್ದೀನನ ಹತ್ತಿರ ಉಂಟು. ನೀನು ತಗೋ."

"ನಿಮ್ಮ ಕೋಟು ನನಗೆಲ್ಲಿ ಆಗ್ತದೆ ಭಾವ? ಅದರೊಳಗೆ ನನ್ನಂಥವರು ಇಬ್ಬರು ಹೋಗಬಹುದು."

"ಹೋಗಿ ನೋಡು. ದರ್ಜಿ ಇರುವುದು ಎಂತಕ್ಕೆ?"

ದಾರಿಯುದ್ದಕ್ಕೂ ವಾರಿಜಾ ಕಿಟಕಿಯ ಕಡೆ ಮುಖ ಮಾಡಿದ್ದಳು. ಎರಡೂ ಬದಿಯ ಮರಳು ಬೆಳ್ಳಗೆ ಉರಿಯುತ್ತಿತ್ತು. ತನಗೆ ಬೇಕಾದದ್ದು ಸಿಕ್ಕಿದೆ ಎಂದು ಜಯಪಾಲ ತನಗೇ ಹೇಳಿಕೊಂಡ. ತಾನು ಸುಳ್ಳು ಹೇಳಲಿಲ್ಲ; ದೇವರ ಮನೆ ಹೌದಲ್ಲ? ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಮತ್ತೊಮ್ಮೆ ಹೇಳಿಕೊಂಡ.

"ಅವನಿಗೆ ಅವಳೆಂದರೆ ಎಂತ ಅಂತ ನಿಮಗೆ ಗೊತ್ತುಂಟಲ್ಲ" ಎಂದಳು ವಾರಿಜಾ, ದುಬೈಯ ಟೋಲ್ ಗೇಟು ದಾಟಿದ ಮೇಲೆ.

"ಕಟ್ಟಲೆ ಹೇಳಿದ್ದು ನಾನಲ್ಲ."

"ಗೊತ್ತುಂಟಾ ಅಂತ ಕೇಳಿದ್ದು."

ಅವನು ಗಾಡಿಯ ವೇಗ ಹೆಚ್ಚಿಸಿದ.

ಮರುದಿನ ಸಂಜೆ ಗ್ಯಾರೇಜಿನಿಂದ ನೇರ ನೈಫಿಗೆ ಹೋದ. ಮುಹಿಯುದ್ದೀನ್ ಭಟ್ಕಳದವರು. ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ, ಒಂದು ಕನ್ನಡಿ, ಮೇಲಿನ ತನಕ ಬಟ್ಟೆಯ ಥಾನುಗಳು. ರುಕ್ಮಯ ಕಳಿಸಿದವನು ಎಂದೊಡನೆ ಅವರು ಕನ್ನಡಕದ ಮೇಲಿನಿಂದ ಜಯಪಾಲನನ್ನು ಅಡಿಯಿಂದ ಮುಡಿಯ ತನಕ ನೋಡಿ, ಹ್ಯಾಂಗರಿನಿಂದ ಕಪ್ಪು ಕೋಟು ಇಳಿಸಿದರು.

"ಹಾಕಿ."

"ಇದು ನನ್ನ ಅಳತೆಯಲ್ಲ. ಎಷ್ಟು ಹಿಡಿಯಬೇಕು ಅಂತ ನೋಡ್ಬೇಕು ನೀವು."

"ಹಾಕಿ ಸಾಹೇಬ್ರೇ, ಆಮೇಲೆ ಹೇಳಿ."

ಜಯಪಾಲ ತೋಳು ತೂರಿಸಿದ. ಕೈ ಸರಿಯಾಗಿ ಮಣಿಕಟ್ಟಿನ ಬಳಿ ಹೊರಗೆ ಬಂತು. ಭುಜ ಭುಜದ ಮೇಲೆ ಕೂತಿತು. ಗುಂಡಿ ಹಾಕಿದರೆ ಹೊಟ್ಟೆಯ ಬಳಿ ಒಂದು ನೆರಿಗೆಯೂ ಬೀಳಲಿಲ್ಲ. ಕನ್ನಡಿಯೊಳಗೆ ಅವನದೇ ಮುಖ, ಗ್ರೀಸು ಹತ್ತಿದ ಕಿವಿ. ಕುತ್ತಿಗೆಯಿಂದ ಕೆಳಗೆ ಬೇರೆ ಯಾರೋ ನಿಂತ ಹಾಗಿತ್ತು.

"ಯಾವಾಗ ಸಣ್ಣ ಮಾಡಿದಿರಿ ಇದನ್ನು?"

"ಸಣ್ಣ ಮಾಡುವುದೆಂತ? ಕತ್ತರಿಸಿದ್ದೇ ಹೀಗೆ." ಮುಹಿಯುದ್ದೀನ್ ಕಪಾಟಿನ ಅಡಿಯಿಂದ ಒಂದು ಪೊಟ್ಟಣ ಎಳೆದರು. "ಬಟ್ಟೆ ಆರಿಸುವಾಗಲೇ ಅಳತೆಗೆ ಅಂಗಿ ತಂದುಕೊಟ್ಟಿದ್ದರು, ಬಕ್ರೀದಿನ ಗಡಿಬಿಡಿ ಮುಗಿದ ಕೂಡಲೇ. ಈ ಅಂಗಿಯವನಿಗೆ ಹೇಳಬೇಡಿ, ಅವನು ಬೇಡ ಅಂತಾನೆ ಅಂದರು. ಅಂಗಿ ನಿಮ್ಮದೇ ಅಲ್ವಾ? ತಗೊಂಡು ಹೋಗಿ."

ನೀಲಿ ಚೌಕುಳಿ. ಜೇಬಿನ ಕೆಳಗೆ ಎಷ್ಟು ಒಗೆದರೂ ಹೋಗದ ಎಣ್ಣೆಯ ಕಲೆ. ಈ ಅಂಗಿ ದರ್ಜಿಯ ಕೈ ಸೇರಿದಾಗ ಅಪ್ಪಿ ದೊಡ್ಡಮ್ಮ ಊರಿನ ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದಳು. ಮೂರನೆಯ ಟಿಕೇಟು ಇಲ್ಲ ಎಂಬ ಸುದ್ದಿಯೂ ಬಂದಿರಲಿಲ್ಲ.

"ಎಲ್ಲಿಯಾದರೂ ಬಿಗಿ ಉಂಟಾ?" ಎಂದು ಮುಹಿಯುದ್ದೀನ್ ಕೇಳಿದರು.

ಜಯಪಾಲ ಕನ್ನಡಿಯಿಂದ ಕಣ್ಣು ತೆಗೆದ. "ಇಲ್ಲ" ಎಂದ.

ಮನೆಗೆ ಹೋಗಿ ಅಂಗಿಯನ್ನು ವಾರಿಜಾಳ ಮುಂದಿಟ್ಟ. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳಿಗೂ ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ತಿಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಅಂಗಿಯನ್ನು ಮಡಚತೊಡಗಿದಳು. ಜಯಪಾಲ ಎರಡು ಸಲ ಫೋನು ಎತ್ತಿಕೊಂಡು ರುಕ್ಮಯನ ಹೆಸರಿನ ತನಕ ಹೋದ. ಎರಡು ಸಲವೂ ಹಿಂದೆ ಇಟ್ಟ. ಇದು ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ.

ಹೊರಡುವ ದಿನ ರುಕ್ಮಯ ಅಬುಧಾಬಿಯ ಮೊದಲ ಬಸ್ಸು ಹಿಡಿದು ಏರ್‌ಪೋರ್ಟಿಗೆ ಬಂದಿದ್ದ. ಗಡ್ಡ ಇನ್ನೂ ಬೆಳೆದಿತ್ತು. ಕೈಯಲ್ಲಿ ಒಂದು ಚೀಲ: ಸೋದರ ಸೊಸೆಗೆ ಮಾವಿನ ಮಾಂಬಳ, ಹಲಸಿನ ಹಪ್ಪಳ. ಟ್ರಾಲಿಯನ್ನು ತಾನೇ ತಳ್ಳಿದ. ವಾರಿಜಾ ಬ್ಯಾಗು ತೂಗಿಸಲು ಸಾಲಿನಲ್ಲಿ ನಿಂತಾಗ ಇಬ್ಬರು ಗಂಡಸರು ಕಂಬದ ಬಳಿ ಉಳಿದರು. ಚಳಿ ಚಳಿ ಎಸಿ. ಜಯಪಾಲ ಕೋಟು ಹಾಕಿಕೊಂಡೇ ಬಂದಿದ್ದ, ಮಡಚಿದರೆ ಹಾಳಾದೀತೆಂದು.

"ಭಾವ, ಆವತ್ತು ಒಂದು ಮಾತು ಹೇಳದೆ ಬಿಟ್ಟೆ."

"ಎಂತದು?"

"ಆ ಇಗರ್ಜಿಯ ನೆಲದ ಅಡಿಯಲ್ಲಿ ಸತ್ತವರನ್ನು ಹೂತಿದ್ದಾರೆ. ಕುರ್ಚಿ ಹಾಕುವುದು ಅದರ ಮೇಲೆಯೇ. ನಾರ್ಬರ್ಟ್ ಮೊದಲೇ ಹೇಳಿದ್ದ. ನೀವು ಕೇಳಿದಾಗ ನನಗೆ ಗೊತ್ತಿತ್ತು. ಅಲ್ಲಿ ನಿಮ್ಮ ಸೂತಕಕ್ಕೆ ಅಡ್ಡಿ ಇರಲಿಲ್ಲ." ಉಸಿರು ಕಟ್ಟಿ ಹೇಳಿ ಮುಗಿಸಿದ. "ಈಗಲೂ ನಿಮ್ಮ ವೀಸಾ ಉಂಟು. ನಾಳೆಯ ವಿಮಾನಕ್ಕಾದರೂ..."

ರುಕ್ಮಯ ಸಾಲಿನಲ್ಲಿದ್ದ ತಂಗಿಯ ಕಡೆ ನೋಡಿದ. ಆಮೇಲೆ ಕೈ ಚಾಚಿ ಜಯಪಾಲನ ಕೋಟಿನ ಭುಜದಿಂದ ಒಂದು ಬಿಳಿ ನೂಲು ತೆಗೆದ. ಅದನ್ನು ಬೆರಳಲ್ಲಿ ಉಂಡೆ ಮಾಡಿದ.

"ಹಾಗಾದರೆ ಮೆಲ್ಲ ಕಾಲಿಡು" ಎಂದ. "ನಿನ್ನದು ಗ್ಯಾರೇಜಿನ ನಡಿಗೆ."

ಸಾಲಿನ ಮುಂದಿನಿಂದ ವಾರಿಜಾ ಕೈ ಮಾಡಿ ಕರೆದಳು. ರುಕ್ಮಯ ಜಯಪಾಲನ ಬೆನ್ನಿಗೆ ಅಂಗೈ ಇಟ್ಟು ಮುಂದಕ್ಕೆ ದೂಡಿದ. "ಯಲ್ಲಾ, ಹೋಗು."

ಗಾಜಿನ ಬಾಗಿಲಿನ ಆಚೆಯಿಂದ ಜಯಪಾಲ ತಿರುಗಿ ನೋಡಿದ. ರುಕ್ಮಯ ಖಾಲಿ ಟ್ರಾಲಿಯನ್ನು ತಳ್ಳಿಕೊಂಡು ಹೋಗಿ, ಉಳಿದ ಟ್ರಾಲಿಗಳ ಸಾಲಿನ ಕೊನೆಗೆ ಮೆಲ್ಲ ಸೇರಿಸಿ, ಅದರ ಹಿಡಿಯನ್ನು ಬಿಡದೆ ನಿಂತಿದ್ದ.